ಬ್ಲೆಂಡರ್ ಬಂದ ಮಾತ್ರಕ್ಕೆ ಸಾಲದು
ಇರುವ ವಿಡಿಯೋ ಗೇಮನ್ನು ಅಭಿಮಾನಿಗಳು ಬದಲಿಸಿ ಕಟ್ಟುವ ಆಟಗಳ, ಅಂದರೆ ಮಾಡ್‌ಗಳ, ಬಗ್ಗೆ ನಿಮ್ಮ ಬರಹದಲ್ಲಿ "ಬ್ಲೆಂಡರ್ (3ಡಿ ಅನಿಮೇಶನ್ ಸಾಫ್ಟ್‌ವೇರ್) ಬಂದರೆ ಮಾಡ್ ತಂಡದಲ್ಲಿ ಅನಿಮೇಟರ್ ಕೆಲಸ ಸಲೀಸು" ಎಂದು ಬರೆದಿದ್ದೀರಿ. ಇದನ್ನು ಒಪ್ಪೋಕೆ ಆಗಲ್ಲ. ಸೋರ್ಸ್ ಎಂಜಿನ್ ಎಂಬ ಗೇಮ್ ತಂತ್ರಾಂಶದ ಮೇಲೆ ನಡೆಯುವ ಒಂದು ಮಾಡ್‌ಗೆ ಎರಡು ವರ್ಷ ಬಿಟ್ಟಿ ದುಡಿದವನು ನಾನು. ಬಂದೂಕಿಗೆ ಮ್ಯಾಗಜೀನ್ ಹಾಕುವ ಎರಡು ಸೆಕೆಂಡಿನ ಚಲನೆ, ಸೆಕೆಂಡಿಗೆ 30ರಂತೆ 60 ಫ್ರೇಮ್. ಬ್ಲೆಂಡರ್‌ನಲ್ಲಿ ಮೂರು ಸಂಜೆಗೆ ಮುಗೀತು. ಅದನ್ನು ಎಂಜಿನ್‌ಗೆ ಬೇಕಾದ ಎಸ್‌ಎಂಡಿ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಮಾಡೆಲ್‌ನ ಸೂಚನೆಗಳಿರುವ ಕ್ಯೂಸಿ ಫೈಲ್‌ಗೆ ಸೇರಿಸಿ, ಆಟ ಓದುವ ರೂಪಕ್ಕೆ ಕಂಪೈಲ್ ಮಾಡಿ ಆಟದಲ್ಲಿ ನೋಡಿದರೆ ಮ್ಯಾಗಜೀನ್ ತಾನಾಗಿ ಬಂದೂಕಿನೊಳಗೆ ಹೋಗುತ್ತಿದೆ, ಎಡಗೈ ಮಾತ್ರ ಪಕ್ಕದಲ್ಲಿ ಮರದ ಹಾಗೆ ನಿಂತಿದೆ! ಮಾಡೆಲ್ ಮಾಡುವವರು ರಿಗ್‌ನಲ್ಲಿ (ಮಾಡೆಲನ್ನು ಆಡಿಸುವ ಒಳಗಿನ ಮೂಳೆಗೂಡು) ಆ ಕೈಯ ಬೋನ್‌ನ, ಅಂದರೆ ಮೂಳೆಯ, ಹೆಸರು ಬದಲಿಸಿ ಯಾರಿಗೂ ಹೇಳಿರಲಿಲ್ಲ; ಹೆಸರು ಹೊಂದದೆ ನನ್ನ ಚಲನೆ ಆ ಕೈಗೆ ತಾಗಲೇ ಇಲ್ಲ. ಬೈಯೋಣ ಅಂದರೆ ಅವರೂ ನಮ್ಮ ಹಾಗೆ ಬಿಟ್ಟಿ ದುಡಿಯುವವರೇ, ಅಲ್ವಾ? ನಾಲ್ಕು ತಿಂಗಳಲ್ಲಿ ಹೀಗೆ ಮೂರು ಸಲ ಆಯ್ತು.

ಇನ್ನು "ವರ್ಷದೊಳಗೆ ಮಾಡ್ ಬಿಡುಗಡೆ" ಅನ್ನುವ ನಿಮ್ಮ ಮಾತು. ದೊಡ್ಡ ಮಾಡ್‌ಗಳ ಮಟ್ಟಿಗೆ ಅದು ಸುಮ್ನೆ. ಹಾಫ್-ಲೈಫ್ ಎಂಬ ಹಳೆಯ ಆಟವನ್ನು ಅದರ ಅಭಿಮಾನಿಗಳು ಹೊಸದಾಗಿ ಕಟ್ಟಿದ ಮಾಡ್ ಬ್ಲ್ಯಾಕ್ ಮೇಸಾ 2012ರಲ್ಲಿ ಉಚಿತವಾಗಿ ಬಂದಾಗ ಕೊನೆಯ ಕ್ಸೆನ್ ಭಾಗವೇ ಇರಲಿಲ್ಲ. ಪೂರ್ತಿ ಆಟ ಸಿಕ್ಕಿದ್ದು 2020ರಲ್ಲಿ, ಅದೂ ದುಡ್ಡು ಕೊಟ್ಟು ಕೊಳ್ಳುವ ಆಟವಾಗಿ.

ಹೊಸದಾಗಿ ಸೇರುವವರು ಮೊದಲು "ರಿಗ್ ಫೈನಲ್ ಆಗಿದೆಯಾ?" ಅಂತ ಕೇಳಿ. ನನಗೆ "ಹೆಚ್ಚುಕಮ್ಮಿ ಆಗಿದೆ" ಅಂದಿದ್ದರು. ನಮ್ಮ ಮಾಡ್ ಇನ್ನೂ ಬಂದಿಲ್ಲ ಬಿಡಿ.