‘ಕಾಂಗರೂ ಥರಾನಾ ಮಾವ?’

ಕಳೆದ ಬೇಸಿಗೆಯಲ್ಲಿ ಟೋಕಿಯೋದಿಂದ ಮಂಡ್ಯದ ಮನೆಗೆ ಬಂದಿದ್ದಾಗ ಅಕ್ಕನ ಮಕ್ಕಳಿಗೆ ಒಂದು ಜಪಾನೀ ಕಾರ್ಟೂನ್ ಸಿನಿಮಾ ಹಾಕಿದೆ. ‘ಪೊಂ ಪೊಕೊ’ ಅಂತ, ಇಸಾವೊ ತಕಹಾತ 1994ರಲ್ಲಿ ಮಾಡಿದ್ದು. ಟೋಕಿಯೋ ಪಕ್ಕದ ತಮಾ ಗುಡ್ಡಗಳನ್ನು ಕಡಿದು ಬಡಾವಣೆ ಕಟ್ಟುತ್ತಿರುತ್ತಾರೆ. ಅಲ್ಲಿನ ತನುಕಿ ಅನ್ನೋ ಪ್ರಾಣಿಗಳು ರೂಪ ಬದಲಿಸಿ ಜನರನ್ನು ಹೆದರಿಸೋಕೆ ನೋಡುತ್ತವೆ. ಟೋಕಿಯೋದ ಗೆಳೆಯರ ಜೊತೆ ನೋಡಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಮಂಡ್ಯದಲ್ಲಿ ಯಾರೂ ನಗಲೇ ಇಲ್ಲ.

ಹಾಕಿದ್ದು ಇಂಗ್ಲಿಷ್ ಡಬ್ಬಿಂಗ್. ತನುಕಿ ನಾಯಿಯ ಜಾತಿಗೆ ಸೇರಿದ್ದು, ಇಂಗ್ಲಿಷಿನಲ್ಲಿ ಅದನ್ನು ರಕೂನ್ ಅನ್ನೋ ಬೇರೆಯದೇ ಪ್ರಾಣಿ ಮಾಡಿದ್ದಾರೆ. ಅದು ಹೋಗಲಿ. ಒಂದು ಕಡೆ ಮುದಿ ತನುಕಿ ದೊಡ್ಡ ಕೆಂಪು ಜಮಖಾನ ಹಾಸಿ ಎಲ್ಲರನ್ನೂ ಕೂರಿಸಿಕೊಂಡಿರುತ್ತದೆ. ಅದು ಜಮಖಾನವಲ್ಲ, ಅದರ ಬೀಜದ ಚೀಲ! ಇಂಗ್ಲಿಷಿನವರು ನಾಚಿಕೊಂಡು ಅದನ್ನು ‘ಪೌಚ್’ ಅಂದುಬಿಟ್ಟಿದ್ದಾರೆ. ಅಕ್ಕನ ಮಗ ಕೇಳಿದ: “ಕಾಂಗರೂ ಥರಾನಾ ಮಾವ?”

ಜಪಾನಿನಲ್ಲಿ ಇದರಲ್ಲಿ ನಾಚಿಕೆ ಏನೂ ಇಲ್ಲ. ಎಷ್ಟೋ ಹೋಟೆಲುಗಳ ಬಾಗಿಲಲ್ಲಿ ಮಣ್ಣಿನ ತನುಕಿ ಬೊಂಬೆ ನಿಂತಿರುತ್ತದೆ. ತಲೆಗೆ ಹುಲ್ಲಿನ ಟೋಪಿ, ಕೈಯಲ್ಲಿ ‘ಸಾಕೆ’ ಅನ್ನೋ ಅಕ್ಕಿ ಹೆಂಡದ ಬಾಟಲಿ, ಕಾಲ ಮಧ್ಯೆ ನೆಲ ಮುಟ್ಟುವ ಬೀಜ. ಅಲ್ಲಿನ ಆಡುಮಾತಲ್ಲಿ ಅದಕ್ಕೆ ಬಂಗಾರದ ಗುಂಡು ಅಂತಲೇ ಹೆಸರು. ವ್ಯಾಪಾರಕ್ಕೆ ಒಳ್ಳೆಯದು ಅಂತ ಇಡುತ್ತಾರೆ. ಸಣ್ಣ ಮಕ್ಕಳು ಅದರ ಮೇಲೆ ಹಾಡು ಕಟ್ಟಿ ಹೇಳುತ್ತಾರೆ.

ಸಿನಿಮಾ ನಿಲ್ಲಿಸಿ ಜಪಾನೀ ಮಾತಿಗೆ ಬದಲಿಸಿದೆ. ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೂಲೆಯಲ್ಲಿ ಅವರೆಕಾಳು ಆರಿಸುತ್ತಾ ಕೂತಿದ್ದ ಅಜ್ಜಿ ತಲೆ ಎತ್ತಿದರು. “ಬೀಜ ಕಣಜ್ಜಿ, ಹೋರಿಗಿರುತ್ತಲ್ಲ, ಅದು” ಅಂದೆ. ಅಜ್ಜಿ ಮೊರ ಕೆಳಗಿಟ್ಟರು. “ಅಯ್, ಅದ್ನೇ ಹಾಸ್ಕಂಡು ಕುಂತವ್ನಾ ಬಡ್ಡೆತ್ತದು!” ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ನಕ್ಕಿದ್ದು ನೋಡಿ ಮಕ್ಕಳೂ ಬಿದ್ದೂ ಬಿದ್ದೂ ನಕ್ಕವು.

ಹಾಗಾಗಿ, ಒಂದು ದೇಶದ ನಗು ಇನ್ನೊಂದು ದೇಶಕ್ಕೆ ಹೋಗಲ್ಲ ಅನ್ನೋ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ದನಕರುಗಳ ಮಧ್ಯೆ ಬೆಳೆದ ಅಜ್ಜಿಗೂ ಆ ತನುಕಿಗೂ ದೂರ ಇರಲಿಲ್ಲ. ನಡುವೆ ಅಡ್ಡ ನಿಂತಿದ್ದು ಇಂಗ್ಲಿಷಿನ ನಾಚಿಕೆ.

ಎಲ್ಲವೂ ದಾಟಿತು ಅಂತಲ್ಲ. ತನುಕಿಗಳು ದೆವ್ವಗಳ ಮೆರವಣಿಗೆ ಹೊರಡಿಸುವ ಜಾಗದಲ್ಲಿ ನಾನು ಸೋತೆ. ಜಪಾನಿನವರು ಒಂದೊಂದು ದೆವ್ವವನ್ನೂ ಗುರುತು ಹಿಡಿದು ನಗುತ್ತಾರೆ, ನಮಗೆ ಅವು ಸುಮ್ನೆ ಬಣ್ಣದ ಬೊಂಬೆಗಳು. ನಮ್ಮ ಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೀತಿದ್ದ ಕಥೆಯನ್ನು ಒಮ್ಮೆ ಜಪಾನೀ ಗೆಳೆಯನಿಗೆ ಹೇಳಿದ್ದೆ. ಅವನು ನಗಲಿಲ್ಲ. “ದೆವ್ವಕ್ಕೆ ಕನ್ನಡ ಓದೋಕೆ ಬರುತ್ತಾ?” ಅಂತ ಗಂಭೀರವಾಗಿ ಕೇಳಿದ್ದ.

ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂತ ನಮ್ಮ ಚಿತ್ರರಂಗದವರು ಎಷ್ಟೋ ವರ್ಷ ತಡೆದರು. 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಅಡ್ಡಿ ಆಗದಂತೆ ನೋಡಿಕೊಳ್ಳುವ ದೇಶದ ಕಾಂಪಿಟಿಷನ್ ಕಮಿಷನ್ ಆ ತಡೆ ತಪ್ಪು ಅಂತ ಹೇಳಿತು. ಈಗ ದಾರಿ ಇದೆ. ಆದರೆ ನಾನು ನೋಡಿದ ಕೆಲವು ಡಬ್ಬಿಂಗ್‌ಗಳಲ್ಲಿ ಮರಿಪ್ರಾಣಿಗಳೂ ಪಠ್ಯಪುಸ್ತಕದ ಕನ್ನಡ ಆಡುತ್ತವೆ. ಮಕ್ಕಳ ಸಿನಿಮಾ ಮೂಲ ಭಾಷೆಯಿಂದ ನೇರವಾಗಿ ಕನ್ನಡಕ್ಕೆ ಬರಬೇಕು. ಮಂಡ್ಯದ ಮಾತಲ್ಲೇ ಬಂದರೆ ಇನ್ನೂ ಚೆಂದ, ಅಲ್ವಾ?

ಮುಂದಿನ ಸಲ ಬರುವಾಗ ಮೊದಲ ಅರ್ಧ ಗಂಟೆಯ ಮಾತುಗಳನ್ನು ಕನ್ನಡದಲ್ಲಿ ಬರೆದು ತರುತ್ತೇನೆ. ಮನೆಯಲ್ಲೇ ಓದಿ ನೋಡೋಣ ಅಂತ. ಮರಿ ತನುಕಿಗೆ ತಾನೇ ದನಿ ಕೊಡ್ತೀನಿ ಅಂತ ಅಕ್ಕನ ಮಗ ಈಗಲೇ ಹೇಳಿಟ್ಟಿದ್ದಾನೆ.