ಬೆವರುತ್ತಾ ಚಳಿ ಕಾಯಿಸಿದ್ದು

ಇವತ್ತು ಬುಧವಾರ. ಶನಿವಾರ ಹಿಡಿದ ಸೊಂಟ ಇನ್ನೂ ಬಿಟ್ಟಿಲ್ಲ. ಆಫೀಸಿನಲ್ಲಿ ಕೇಳಿದವರಿಗೆಲ್ಲ ಬಸ್ಸು ಹೊಂಡಕ್ಕೆ ಇಳಿಯಿತು ಎಂದು ಸುಳ್ಳು ಹೇಳುತ್ತಿದ್ದೇನೆ. ಬೆಂಕಿ ಹಚ್ಚಲು ಹೋಗಿ ಸೊಂಟ ಉಳುಕಿತು ಎಂದರೆ ಯಾರು ನಂಬುತ್ತಾರೆ?

ಮಕ್ಕಳಿಗೆ ಕ್ಯಾಂಪ್ ಫೈರ್ ಬೇಕಂತೆ. ನಮ್ಮ ಉಡುಪಿಯಲ್ಲಿ ಚಳಿಗಾಲ ಎಂದರೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವುದು, ಅಷ್ಟೇ. ಇಲ್ಲಿ ಚಳಿ ಕಾಯಿಸುವುದು ಎಂತಕ್ಕೆ ಮಾರಾಯ್ರೆ? ಆದರೂ ಹೆಬ್ರಿ ಕಡೆಯ ದೊಡ್ಡಮ್ಮನ ಮನೆಗೆ ಹೊರಟೆವು. ಘಾಟಿಯ ಬುಡ, ಸ್ವಲ್ಪವಾದರೂ ತಂಪು ಇದ್ದೀತು ಎಂಬ ಆಸೆ. ಜೊತೆಗೆ ಬೆಂಗಳೂರಿನಿಂದ ಬಂದ ಭಾವ.

ಭಾವನದ್ದು ಒಂದು ಅಭ್ಯಾಸ ಉಂಟು. ಯಾವ ಕೆಲಸವನ್ನೂ ಅವರು ಮಾಡುವುದಿಲ್ಲ, ಮಾಡಿಸುತ್ತಾರೆ. ಮಾಡಿಸುವ ಮೊದಲು ‘ಸೇಫ್ಟಿ ಫಸ್ಟ್’ ಎನ್ನುತ್ತಾರೆ.

ಕಾಡಿನೊಳಗೇ ಬೆಂಕಿ ಹಾಕೋಣ ಎಂದರು ಮಕ್ಕಳು. ಭಾವ ಬೆರಳೆತ್ತಿದರು. “ನೋ. ಅಲ್ಲಿ ಬೆಂಕಿ ಹಾಕಿದ್ರೆ 1963ರ ಅರಣ್ಯ ಕಾಯ್ದೆ ಪ್ರಕಾರ ಕೇಸ್ ಆಗುತ್ತೆ.” ಮಾತು ಸರಿಯೇ. ಅವರ ಮಾತು ಯಾವಾಗಲೂ ಸರಿಯೇ, ಅದೇ ತೊಂದರೆ.

ಹಾಗಾಗಿ ದೊಡ್ಡಮ್ಮನ ಕೊಯ್ಲಾದ ಗದ್ದೆಯೇ ಗತಿ. ಗದ್ದೆ ತುಂಬ ಒಣಗಿದ ಕೂಳೆ. “ಸುತ್ತ ಹತ್ತಡಿ ಬರೀ ಮಣ್ಣು ಕಾಣಬೇಕು” ಎಂದರು ಭಾವ. ಈ ಕಡೆ ಹತ್ತು, ಆ ಕಡೆಯೂ ಹತ್ತು ಎಂದು ಗೊತ್ತಾದದ್ದು ನಾನು ಬಗ್ಗಿದ ಮೇಲೆ. ಕಿತ್ತೆ. ಭಾವ ಹೆಜ್ಜೆಗೆ ಹೆಜ್ಜೆ ಕೂಡಿಸಿ ಅಳೆದರು. ತೆಂಗಿನಮರದ ಬದಿಯಲ್ಲಿ ಅರ್ಧ ಅಡಿ ಕಡಿಮೆ. ಮತ್ತೆ ಕಿತ್ತೆ. ಆಗ ತಲೆಯೆತ್ತಿ ಮರ ನೋಡಿದರು. ಮೇಲೆ ಒಣ ಮಡಲು ನೇತಾಡುತ್ತಿದೆ, ಕಿಡಿ ಹಾರಿದರೆ? ಸರಿ, ಇಡೀ ವೃತ್ತವೇ ಗದ್ದೆಯ ನಡುವಿಗೆ ಹೋಯಿತು. ನಾನು ಮೊದಲಿನಿಂದ ಕಿತ್ತೆ. ಒಂದಡಿ ಗುಂಡಿ ತೋಡಿದ್ದು ನಾನು. ಎರಡು ಕೊಡಪಾನ ನೀರು ಹೊತ್ತದ್ದೂ ನಾನೇ. ಭಾವ ವಿಡಿಯೊ ಮಾಡಿಕೊಂಡರು.

ಒಂದೇ ಒಂದು ಕೆಲಸ ಅವರು ತಾವೇ ಮಾಡಿದರು, ಗುಂಡಿಯ ಸುತ್ತ ಕಲ್ಲು ಜೋಡಿಸುವುದು. ಅಂಗಳದ ಮೂಲೆಯಲ್ಲಿ ಕೆಂಪುಕಲ್ಲಿನ ತುಂಡುಗಳು ರಾಶಿ ಬಿದ್ದಿದ್ದವು. ಅದು ವಿಡಿಯೊದಲ್ಲಿ ಚಂದ ಕಾಣುವುದಿಲ್ಲವಂತೆ. ಸೀತಾನದಿಗೆ ಹೋಗಿ ನುಣ್ಣನೆಯ ಕಲ್ಲು ಆರಿಸಿ ತಂದರು.

ಕಟ್ಟಿಗೆ ಇಬ್ಬನಿಗೆ ತೇವ ಹಿಡಿದಿತ್ತು. ಸೀಮೆಎಣ್ಣೆ ಸುರಿಯುವುದಕ್ಕೆ ಭಾವನ ಒಪ್ಪಿಗೆ ಇಲ್ಲ. ಮುಕ್ಕಾಲು ಗಂಟೆ ಬರೀ ಹೊಗೆ. ನಾನು ಯಾವ ಕಡೆ ಕುಳಿತರೆ ಆ ಕಡೆ ಬರುವ ಹೊಗೆ. ಕೊನೆಗೆ ದೊಡ್ಡಮ್ಮ ಬಚ್ಚಲ ಒಲೆಯ ಬದಿಯಿಂದ ಒಣ ಗೆರಟೆ ತಂದು ತುರುಕಿದರು. ಹತ್ತಿತು. ಎಲ್ಲರೂ ಸುತ್ತ ಕುಳಿತು ಬೆವರು ಒರೆಸಿಕೊಂಡೆವು.

ಗೆರಟೆ ಉರಿಯುವ ವಾಸನೆಗೆ ಅಜ್ಜಿಯ ಬಚ್ಚಲು ನೆನಪಾಯಿತು. ಮಳೆಗಾಲದ ಬೆಳಿಗ್ಗೆ, ಒಣಗದ ಯೂನಿಫಾರ್ಮನ್ನು ಹಂಡೆಯ ಮೇಲೆ ಹರಡಿ, ನಾವು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿರುತ್ತಿದ್ದೆವು. ಅಜ್ಜಿ ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಿದ್ದರು. ಒಂದೊಂದರ ತುದಿಯನ್ನೂ ಮೆಟ್ಟುಕತ್ತಿಯಲ್ಲಿ ಸೀಳಿಯೇ ಹಾಕುತ್ತಿದ್ದರು, ಇಲ್ಲದಿದ್ದರೆ ಸಿಡಿಯುತ್ತದೆ ಎಂದು. ಆ ಬಚ್ಚಲು ಈಗಿಲ್ಲ. ಮಾಡಿನ ಮೇಲೆ ಸೋಲಾರ್ ಉಂಟು.

ಢಮ್!

“ಯಾರು ಬೀಜ ಹಾಕಿದ್ದು?” ಎಂದರು ದೊಡ್ಡಮ್ಮ. ಬೀಜ ಅಲ್ಲ, ಕಲ್ಲು. ಹೊಳೆಯ ಕಲ್ಲಿನೊಳಗೆ ನೀರು ಸೇರಿಕೊಂಡಿರುತ್ತದೆ. ಬಿಸಿಗೆ ಆವಿಯಾಗಿ, ಹೊರಗೆ ಬರಲು ದಾರಿ ಸಿಗದೆ ಕಲ್ಲನ್ನೇ ಒಡೆಯುತ್ತದೆ. ಇದೊಂದು ಮಾತ್ರ ಭಾವ ನೋಡಿದ ವಿಡಿಯೊದಲ್ಲಿ ಇರಲಿಲ್ಲ ಅಂತ ಕಾಣುತ್ತದೆ. ಎರಡನೇ ಕಲ್ಲು ಸಿಡಿದಾಗ ಚೂರು ಬಂದು ಕೊಡಪಾನಕ್ಕೆ ಠಣ್ ಎಂದು ಬಡಿಯಿತು. ಮಕ್ಕಳು ದೊಡ್ಡಮ್ಮನ ಹಿಂದೆ ಅಡಗಿದರು. ಭಾವ? ನಾನು ಕಿತ್ತ ಹತ್ತಡಿ ದಾಟಿ, ಆಚೆ ಗದ್ದೆಯ ಅಂಚಿನಲ್ಲಿ ನಿಂತಿದ್ದರು.

ಅಲ್ಲಿಂದಲೇ ಕೂಗಿದರು. “ನೀರು ಹಾಕಿ!” ಹಾಕಿದೆ. “ಕೆದಕಿ!” ಕೆದಕಿದೆ. “ಮತ್ತೆ ನೀರು!” ಅದೂ ಆಯಿತು.

“ಈಗ ಬೂದಿ ತಣ್ಣಗಾಯ್ತಾ ಅಂತ ಹಿಂಗೈ ಹತ್ತಿರ ಹಿಡಿದು ನೋಡಬೇಕು.”

ಯಾರ ಕೈ ಎಂದು ನಾನು ಕೇಳಲಿಲ್ಲ.