ಸತ್ಯಾಂಶ: ಸಂಧಿವಾತದ ಮಾತ್ರೆ ತಿಂದ್ರೆ ಕಣ್ಣು ಹೋಗುತ್ತಾ?

ಹಾಸನದ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ಫಾರ್ವರ್ಡ್ ಬಂತು, ಸಂಧಿವಾತಕ್ಕೆ ಕೊಡೋ ಹೈಡ್ರಾಕ್ಸಿಕ್ಲೋರೋಕ್ವಿನ್ ಒಂದೇ ತಿಂಗಳಲ್ಲಿ ಕುರುಡು ಮಾಡುತ್ತೆ, ಇವತ್ತೇ ಬಿಡಿ ಅಂತ. ನಂಬಿ ಬಿಟ್ಟ ನಮ್ಮ ಚಿಕ್ಕಮ್ಮನಿಗೆ ಬೆರಳು ಊದ್ಕೊಂಡು ಅಕ್ಕಿ ರೊಟ್ಟಿ ತಟ್ಟೋಕೂ ಆಗ್ಲಿಲ್ಲ.

ರೆಟಿನಾಗೆ (ಕಣ್ಣಿನ ಹಿಂಭಾಗದ ಪರದೆಗೆ) ತೊಂದ್ರೆ ಆಗಬಹುದು ಅನ್ನೋದು ನಿಜ, ಆದ್ರೆ ತಿಂಗಳಲ್ಲಲ್ಲ, ಸಾಮಾನ್ಯವಾಗಿ ವರ್ಷಗಟ್ಟಲೆ ತಗೊಂಡ್ಮೇಲೆ, ಅದ್ರಲ್ಲೂ ಡೋಸ್ ಜಾಸ್ತಿ ಇದ್ರೆ ಇಲ್ಲಾ ಕಿಡ್ನಿ ವೀಕ್ ಇದ್ರೆ. ದಿನಕ್ಕೆ ಒಂದು ಕೆಜಿ ತೂಕಕ್ಕೆ 5 ಮಿಲಿಗ್ರಾಂ ದಾಟಬಾರದು, ಶುರುವಲ್ಲೇ ಒಂದ್ಸಲ ಕಣ್ಣು ತೋರಿಸಿ, 5 ವರ್ಷ ಆದ್ಮೇಲೆ (ಡೋಸ್ ಜಾಸ್ತಿ, ಕಿಡ್ನಿ ವೀಕ್ ಇದ್ರೆ ಇನ್ನೂ ಬೇಗ) ಪ್ರತಿ ವರ್ಷ ತೋರಿಸ್ಬೇಕು. ಆದ ಹಾನಿ ವಾಪಸ್ ಸರಿಹೋಗಲ್ಲ, ಅದಕ್ಕೇ ಚೆಕಪ್.

ನಂಗೆ ಜಾಸ್ತಿ ಭಯ ಆಗೋದು ಮದ್ರಾಸ್ ಐ ಬಂದಾಗ ಚೀಟಿ ಇಲ್ದೆ ತಂದು ಹಾಕ್ಕೊಳ್ಳೋ ಸ್ಟೀರಾಯ್ಡ್ ಡ್ರಾಪ್ಸ್ ನೋಡಿದ್ರೆ, ಕೆಂಪು ಇಳಿಯುತ್ತೆ ಅಂತ ವಾರಗಟ್ಟಲೆ ಹಾಕ್ತಾನೇ ಇದ್ರೆ ಕಣ್ಣೊಳಗೆ ಪ್ರೆಶರ್ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗೋ ಕಾಯಿಲೆ) ಆಗಬಹುದು, ಎಷ್ಟೋ ಸಲ ನೋವೂ ಇರಲ್ಲ.